ಪೆನ್ಸಿಲ್ಲಿನಲ್ಲಿ ಬರೆದ ಅಂಕ

ಏಳನೆಯ ಕ್ಲಾಸಿನ ಲೋಹಿತ, ನನ್ನ ತಮ್ಮ,
ಒಂಬತ್ತನೆಯ ಕ್ಲಾಸಿನ ಬಾಗಿಲಲ್ಲಿ ನಿಂತ,
ಸೋಮವಾರ, ಮೂರನೆಯ ಪೀರಿಯಡ್ಡಿಗೆ.
ಕೈಯಲ್ಲಿ ಇನ್ನೂರು ಪುಟದ ಹೊಸ ನೋಟ್‌ಬುಕ್ಕು,
ಅಂಗಿಯ ಮೇಲೆ ಸಾರಿನ ಕಲೆ.
"ಒಳಗೆ ಬಾರೋ" ಅಂದರು ಷಡಕ್ಷರಿ ಮೇಷ್ಟ್ರು.
ನಾನು ಕಂಪಾಸು ಬಾಕ್ಸಿಗೆ ತಲೆ ಹಾಕಿ
ಏನನ್ನೋ ಹುಡುಕತೊಡಗಿದೆ.

ಆಫೀಸು ರೂಮಿನಲ್ಲಿ ಮೊದಲೇ ಜಗಳವಾಗಿತ್ತಂತೆ.
ಹೆಡ್‌ಮೇಡಂ ಇಂದ್ರಮ್ಮ ಅರಸೀಕೆರೆಯವರೇ,
ಅವರ ಬಾಯಲ್ಲಿ ಮಂಡಿಯ ಮಾತು:
"ಅಟ್ಟದ ಮೇಲೆ ವರ್ಷ ತುಂಬದೆ
ಕಾಯಿ ಕೊಬ್ಬರಿ ಆಗ್ತದೇನ್ರೀ?
ಈಗಲೇ ಒಡೆದರೆ ಚಟ್ನಿಗಾದೀತು, ಅಷ್ಟೆ."
ಮೇಷ್ಟ್ರು ಏನಂದರೋ ಗೊತ್ತಿಲ್ಲ.
ಕೊನೆಗೆ ಒಪ್ಪಿದರು, ಒಂದು ಷರತ್ತು:
ಹಾಜರಿ ಪುಸ್ತಕದಲ್ಲಿ ಹೆಸರಿರಬಾರದು.

ಮೂವತ್ತೆಂಟು ಹೆಸರು ಕೂಗಿ ಮುಗಿದ ಮೇಲೆ
ಮೇಷ್ಟ್ರ ಕಣ್ಣು ಒಂದು ಸಲ
ಕಿಟಕಿಯ ಕಡೆ ಹೋಗಿ ಬರುತ್ತಿತ್ತು.
ಅಲ್ಲಿ ಇವನು, ಬೆಂಚಿನ ತುದಿಯಲ್ಲಿ,
ನೆಲ ಮುಟ್ಟದ ಕಾಲುಗಳನ್ನು ತೂಗುತ್ತ.
"ಆಟಕ್ಕುಂಟು, ಲೆಕ್ಕಕ್ಕಿಲ್ಲ"
ಅಂತ ಹಿಂದಿನ ಸಾಲು ನಕ್ಕಿತು.

ಅದೂ ಸುಳ್ಳು.
ಏಳನೆಯವರಿಗೆ ಆ ಹೊತ್ತು ಆಟದ ಪೀರಿಯಡ್ಡು.
ಮೈದಾನದಲ್ಲಿ ಅವನ ಓರಗೆಯವರು ಖೋ ಕೊಡುತ್ತ
ಕೆಮ್ಮಣ್ಣು ಎಬ್ಬಿಸುವಾಗ
ಇವನು ಬಹುಪದೋಕ್ತಿಯ ಎಕ್ಸು ವೈಗಳ ನಡುವೆ.
ಆಟಕ್ಕೂ ಇಲ್ಲ.

ಒಂದು ದಿನ ಬೋರ್ಡಿನ ಮುಂದೆ ನಾನು.
ಸೀಮೆಸುಣ್ಣ ಬೆವರಿಗೆ ಮೆತ್ತಗಾಯಿತು,
ಲೆಕ್ಕ ಕದಲಲಿಲ್ಲ.
"ಲೋಹಿತಾ, ನೀನು ಬಾ."
ಬಂದ. ತುದಿಗಾಲಲ್ಲಿ ನಿಂತು ಬರೆದ,
ನನ್ನ ಭುಜದ ಎತ್ತರದಿಂದ ಕೆಳಗೆ, ಕೆಳಗೆ.
ಇನ್ನು ಒಂದೇ ಸಾಲು ಅನ್ನುವಾಗ
ಸೀಮೆಸುಣ್ಣ ನನ್ನ ಕಡೆ ಚಾಚಿದ:
"ಇದು ನೀನು ಬರಿ ಅಕ್ಕಾ."
ಇಡೀ ಕ್ಲಾಸಿನೆದುರು, ಅಕ್ಕಾ.
ಕ್ಲಾಸಿಗೆ ಬಂದವನು
ಮನೆಯನ್ನು ಬಾಗಿಲಾಚೆ ಬಿಟ್ಟು ಬರಬೇಕಿತ್ತು.

ಮೂರು ದಿನ ಮಾತು ಬಿಟ್ಟೆ.
ಒಂದೇ ಸೀಮೆಎಣ್ಣೆ ಡಬ್ಬದ ಮೇಲೆ
ಎದುರುಬದುರು ಕೂತು ಓದುವವರು,
ಅವನಿಗೆ ಬೆನ್ನು ಕೊಟ್ಟು ಗೋಡೆಗೆ ಓದಿದೆ.
ಕೊಬ್ಬರಿ ಸುಲಿದು ಬಂದ ಅಮ್ಮ
ಉಗುರಿನ ಸಂದಿಯ ಚಿಪ್ಪಿನ ಚೂರು ಕೀಳುತ್ತ ಕೇಳಿದಳು,
ಏನೇ ಇದು?
ಹೇಳಿದೆ.
ಮಂಚದಡಿಯಿಂದ ಕಾಯೊಂದನ್ನು ತೆಗೆದು
ಕಿವಿಯ ಹತ್ತಿರ ಅಲ್ಲಾಡಿಸಿದಳು:
"ಎಲ್ಲಾ ಒಂದೇ ದಿನ ಅಟ್ಟ ಹತ್ತಿದ್ವು.
ಒಂದು ಬೇಗ ಗಡಗಡ ಅಂತದೆ, ಒಂದು ತಡ.
ವ್ಯಾಪಾರಿ ಕೇಳೋದು ಸದ್ದನ್ನ, ತಾರೀಖನ್ನಲ್ಲ."
ಯಾವುದು ತಡ ಅಂತ ಅವಳು ಹೇಳಲಿಲ್ಲ.
ನನಗೆ ಆ ಮಾತು ಹಿಡಿಸಲೂ ಇಲ್ಲ.

ವರ್ಷದ ಪರೀಕ್ಷೆ. ಎಂಬತ್ತಕ್ಕೆ
ನನಗೆ ನಲವತ್ತೊಂದು, ಕೆಂಪು ಇಂಕಿನಲ್ಲಿ, ಪಕ್ಕಾ.
ಅವನಿಗೆ ಎಪ್ಪತ್ತನಾಲ್ಕು.
ಅಂಕಪಟ್ಟಿಯಲ್ಲಿ ಅವನಿಗೊಂದು ಗೆರೆಯಿಲ್ಲ.
ಮೂವತ್ತೆಂಟನೆಯ ಹೆಸರಿನ ಕೆಳಗೆ
ಮೇಷ್ಟ್ರು ಪೆನ್ಸಿಲ್ಲಿನಲ್ಲಿ ಬರೆದಿಟ್ಟರು.
ಜೂನಿನಲ್ಲಿ ಅವರಿಗೆ ಜಾವಗಲ್ಲಿಗೆ ವರ್ಗ.
ಆಮೇಲೆ ಯಾರೋ ರಬ್ಬರು ತೆಗೆದುಕೊಂಡಿರಬೇಕು.

ಎರಡು ವರ್ಷಕ್ಕೆ ಅವನು ಮತ್ತೆ ಅಲ್ಲೇ ಕೂತ,
ಅದೇ ಬಹುಪದೋಕ್ತಿ, ಅದೇ ಕಿಟಕಿ.
ಈಗ ಕಾಲು ನೆಲಕ್ಕೆ ತಾಗುತ್ತವೆ,
ಈಗ ಹೆಸರು ಕೂಗುತ್ತಾರೆ, ಹದಿನೇಳು,
"ಹಾಜರ್ ಮಿಸ್" ಅನ್ನುತ್ತಾನೆ.
ಹೊಸ ಮಿಸ್ಸು ಅಮ್ಮನನ್ನು ಕರೆಸಿ ಹೇಳಿದರು,
ಹುಡುಗ ಚುರುಕೇ,
ಪಾಠದ ಹೊತ್ತು ಮಾತ್ರ ಮೈದಾನ ನೋಡ್ತಾನೆ.

ಆ ಇನ್ನೂರು ಪುಟದ ನೋಟ್‌ಬುಕ್ಕು ನನ್ನ ಹತ್ತಿರವಿದೆ.
ಹತ್ತನೆಯ ಪರೀಕ್ಷೆಯ ಹಿಂದಿನ ವಾರ
ಅವನು ನಿದ್ದೆ ಹೋದ ಮೇಲೆ ಓದಿದ್ದು ಅದನ್ನೇ.
ಅವನಿಗೆ ಹೇಳಿಲ್ಲ.
ಲೆಕ್ಕಗಳ ಪಕ್ಕ, ಅಂಚಿನಲ್ಲಿ, ಪುಟ ಪುಟಕ್ಕೂ
ಪೆನ್ಸಿಲ್ಲಿನ ಎರಡು ಕಂಬ,
ನಡುವೆ ಕುಕ್ಕರಗಾಲಲ್ಲಿ ಕೂತ ಎಂಟು ಜನ,
ಎದ್ದು ನಿಂತ ಒಬ್ಬ.