ಹದಿನೆಂಟು ಡಬ್ಬಿ

ಮೊದಲ ತುಪ್ಪ ಕಾಯಲಿ. ಎಲ್ಲಾರೂ ಬೆಣ್ಣಿ ಅಂತ ಬರದಿರತಾರ,
ನಮ್ಮನ್ಯಾಗ ಬೆಣ್ಣಿ ಇಡಾಂಗಿಲ್ಲ,
ಕಡದ ಗಳಿಗ್ಯಾಗ ಕಾಸಿಬಿಡಬೇಕು ಅಂತಾರ ಅತ್ತಿ.
ಅದಕ್ಕ ತುಪ್ಪ. ತುಪ್ಪದಷ್ಟ ಮೈದಾ. ಸಣ್ಣ ಉರಿ.
ಬಣ್ಣ ಬರಬಾರದು, ಹಸಿ ವಾಸನಿ ಅಷ್ಟ ಹೋಗಬೇಕು.

ಹಾಲು ಕೆಂಪಾಗೂಮಟ ಕಾಸಿ ಕಾಸಿ
ಕುಂದಾ ಮಾಡಿ ಹೆಸರಾದ ಊರು ಇದು.
ಇಲ್ಲಿ ಹುಟ್ಟಿದ ಕೈಗೆ
ಬೆಳ್ಳಗ ಇದ್ದಾಗನ ಒಲಿ ಆರಿಸೂದು ಕಲಿಯಾಕ
ಒಂದು ವರ್ಷ ಹಿಡೀತು.

ಉಳ್ಳಾಗಡ್ಡಿ ಬಳ್ಳೊಳ್ಳಿ ಕೇಳಲಾರದ ಪರದೇಶಿ ಅಡಗಿ,
ಹಂಗಾಗಿ ಹೊಸ್ತಿಲಾ ದಾಟಿ ಒಳಗ ಬಂತು.
ಮಗಳು ವಾರಕ್ಕ ಮೂರು ಸಲ ಕೇಳತಾಳ,
ಜಾಜಿಕಾಯಿ ಎರಡ ತಿಕ್ಕು ತಿಕ್ಕಿರಬೇಕು,
ಮೂರಾದ್ರ ತಟ್ಟಿ ಸರಸತಾಳ.

ಈಗ ತಣ್ಣನ ಹಾಲು, ಎಳಿ ಎಳಿಯಾಗಿ.
ಒಮ್ಮೆಲೇ ಸುರುವಿದಿ ಅಂದ್ರ ಗಂಟು.
ಕೈ ನಿಲ್ಲಿಸಿದಿ ಅಂದ್ರ ಗಂಟು.
ಫೋನ್ ಬಂತಂತ ಆಕಡೆ ತಿರುಗಿದಿ, ಗಂಟು.
ತಳದಾಗಿದ್ದದ್ದು ಕಣ್ಣಿಗೆ ಕಾಣೂದಿಲ್ಲ,
ಹುಟ್ಟಿಗೆ ತಾಗತೈತಿ.
ಸಾಬೂನು ಹಚ್ಚಿದ ಬೆರಳಿಗೆ ಬಚ್ಚಲದಾಗ ತಾಗಿದಂಗ.
ಹೆಸರಕಾಳಿನಷ್ಟು.
ಅಲ್ಲ, ಕಡ್ಲಿಯಷ್ಟು.

ಬುಧವಾರ ಮುಂಜಾನಿ ಏಳಕ್ಕ ಅಡ್ಮಿಟ್.

ಖಡೇಬಜಾರದಿಂದ ಹದಿನೆಂಟು ಡಬ್ಬಿ ತಂದೀನಿ.
"ಯಾರ ಮದವಿರೀ ಬಾಯಾರ?" ಅಂದ ಅಂಗಡಿಯಾವ.
ನಕ್ಕೆ. ಇಪ್ಪತ್ತು ರೂಪಾಯಿ ಕಡಿಮಿ ಮಾಡಿಸಿದೆ.

ಇವರಿಗೆ ಉದ್ಯಮಬಾಗದ ಫೌಂಡ್ರಿಯಾಗ
ಕರಗಿದ ಕಬ್ಬಿಣ ಅಚ್ಚಿಗೆ ಸುರಿಯೂದು ಗೊತ್ತು,
ಹಾಲು ಉಕ್ಕೂದು ಮಾತ್ರ ಎಂದೂ ಕಂಡಿಲ್ಲ.
ಅದಕ್ಕ ಚೀಟಿ ಬರದು ಫ್ರಿಜ್ಜಿಗೆ ಅಂಟಿಸೀನಿ:
ಪೂರಾ ಆರಿದ ಮ್ಯಾಲ ತುಂಬೀನಿ, ಮ್ಯಾಲ ಬೆರಳಷ್ಟು ಜಾಗಾ ಬಿಟ್ಟೀನಿ,
ತಣ್ಣಗಾದಷ್ಟು ಹಿಗ್ಗತೈತಿ, ನಿಮ್ಮ ಕಬ್ಬಿಣದಂಗಲ್ಲ.
ಮಂಗಳವಾರ ಹೆಸ್ಕಾಂನವರು ಕರೆಂಟ್ ತಗೀತಾರ,
ಆವತ್ತು ಬಾಗಲಾ ತಗೀಬ್ಯಾಡ್ರಿ, ಐಸ್ ಕ್ರೀಮ್ ಅಂತ ಅತ್ತರೂ.
ರಾತ್ರಿನ ಕೆಳಗ ಇಳಿಸಿಡ್ರಿ.
ಮುಂಜಾನಿ ನೋಡಿದ್ರ ಒಡದಂಗ ಕಾಣತೈತಿ,
ನೀರ ಬ್ಯಾರೆ, ಹಿಟ್ಟ ಬ್ಯಾರೆ.
ಅಂಜಬ್ಯಾಡ್ರಿ. ಚೆಲ್ಲಬ್ಯಾಡ್ರಿ.
ಒಂದೀಟು ಹಾಲು ಹಾಕಿ ಸವಕಾಶ ತಿರುವ್ರಿ.
ಕೂಡತೈತಿ.

ಅತ್ತಿ ಹೊತ್ತು ಮುಳಗೂದ್ರಾಗ ಉಂಡು ಕೈ ತೊಳಕೊಂಡು
ಅಡಗಿಮನಿ ಬಾಗಲಾಗ ನಿಂತಿದ್ರು.
ನಿನ್ನಿನ ಭಕ್ರಿ ಮುಟ್ಟಲಾರದ ಜೀವಾ ಅದು.
"ತಿಂಗಳಾನಗಟ್ಟಲೆ ತಂಗಳಾ ಇಡತಿಯಲ್ಲ,
ಹಾಲಿಗೇನು ಹೊತ್ತು ಗೊತ್ತು ಇಲ್ಲೇನು?"
ನಾ ಸುಮ್ಮನಿದ್ದೆ. ಮೂರನೇ ಬೋಗುಣಿ, ರಟ್ಟಿ ಸೋತಿತ್ತು.

ಒಳಗ ಬಂದು ನನ್ನ ಕೈಯಾಗಿನ ಹುಟ್ಟು ತಗೊಂಡ್ರು.
"ತಿನ್ನಾಂಗಿಲ್ಲ ನಾ. ತಿರುವಾಕ ಅಡ್ಡಿ ಇಲ್ಲ."
ಬೋಗುಣಿ ತಳಾ ಕರ್ ಕರ್ ಅಂತಿತ್ತು.
ಆಮ್ಯಾಲ, ಹಾಲಿನ ಕಡೇನ ನೋಡಕೋತ,
"ಯಾವ ಬದಿ?" ಅಂದ್ರು.

ಯಾರು ಹೇಳಿದ್ರು ಇವರಿಗೆ?
ಇವರು ಹೇಳಿರಾಕಿಲ್ಲ. ನಾ ಅಂತೂ ಹೇಳಿಲ್ಲ.
"ಎಡಕ್ಕ," ಅಂದೆ.
"ಹೂಂ," ಅಂದ್ರು.
ಉರಿ ಒಂಚೂರು ಸಣ್ಣ ಮಾಡಿದ್ರು.
ಮೊಸರ ಕಡದ ಕೈ, ಝುಣಕ ತಿರುವಿದ ಕೈ,
ಅರವತ್ತು ವರ್ಷ ಒಂದು ಗಂಟಿಗೂ ಆಸ್ಪದ ಕೊಡದ ಕೈ
ಸುತ್ತ ಹಾಕತಾನ ಇತ್ತು, ಅದು ಹುಟ್ಟಿನ ಬೆನ್ನಿಗೆ
ತೆಳ್ಳಗ ಹತ್ತಿ ನಿಲ್ಲೂಮಟ.

ಹದಿನೇಳು ಡಬ್ಬಿಗೆ ತಾರೀಖು ಬರದೆ.
ಹದಿನೆಂಟನೇದು ಅರ್ಧಾನೂ ತುಂಬಲಿಲ್ಲ.
ಅದನ್ನ ಫ್ರೀಜರಿಗೆ ಇಡಲಿಲ್ಲ.
ಕಟ್ಟಿಗೆ ಆನಿ ನಿಂತು, ಚಮಚಾದಿಂದ,
ಉಗುರುಬೆಚ್ಚಗ ಇದ್ದಾಗನ
ನಾನ ತಿಂದೆ.
ಉಪ್ಪು ಒಂದು ಕಾಳು ಕಡಿಮಿ ಆಗಿತ್ತು.