ತಗಡಿನ ಅಳತೆ

ನಮೂನೆ ಮಲಯಾಳದಲ್ಲಿದೆ. ಕೇಳಬೇಕಾದವಳು ನಾನು,
ಕನ್ನಡ ಶಾಲೆಯಲ್ಲಿ ಓದಿದವಳು.
ಹೇಳಬೇಕಾದವಳು ಜಲಜಾಕ್ಷಿ, ತುಳುವಿನಲ್ಲಿ.
ಹೀಗೆ ಒಂದು ಪ್ರಶ್ನೆ ಬಾಯಾರಿನ ಪದವು ಹತ್ತಿ ಬರುವಷ್ಟರಲ್ಲಿ
ಎರಡು ಸಲ ಬಟ್ಟೆ ಬದಲಿಸುತ್ತದೆ.

ಉತ್ತರಿಸುವಾಗ ಸಿಸ್ಟರ್ ಹತ್ತಿರ ಇರಬಾರದೆಂದು ನಿಯಮ.
ಪ್ರಸೀನ ಸಿಸ್ಟರ್ ಕೆಳಗೆ ರಸ್ತೆಯಲ್ಲಿ, ಜೀಪಿನೊಳಗೆ,
ಎಣಿಸಿದ ಗಾಜುಬಟ್ಟೆಯನ್ನೇ ಮತ್ತೆ ಎಣಿಸುತ್ತಿದ್ದಾಳೆ.

"ಶುಶ್ರೂಷೆಯ ಗುಣಮಟ್ಟ," ಎಂದೆ.
ಜಲಜಾಕ್ಷಿ ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ.
"ಯಾರದ್ದು? ಸಿಸ್ಟರದ್ದೋ, ನನ್ನದೋ?"
ಅವಳಿಗೆ ನಮೂನೆಯಲ್ಲಿ ಇರುವುದು
ಹೆಸರು, ವಯಸ್ಸು, ರೋಗಿಗೆ ಏನಾಗಬೇಕು.

ಒಳಗೆ ನೀರು ತುಂಬಿದ ಹಾಸಿಗೆಯ ಮೇಲೆ ದೂಮಪ್ಪಣ್ಣ.
ಕಳ್ಳು ಇಳಿಸಲು ಹತ್ತಿದ ತೆಂಗಿನಿಂದ ಬಿದ್ದು ಎಂಟು ವರ್ಷ.
ಸೊಂಟದಿಂದ ಕೆಳಗಿನದು ತನ್ನದಲ್ಲ ಎನ್ನುತ್ತಾನೆ,
ಯಾರೋ ಇಟ್ಟು ಹೋದ ಸಾಮಾನು,
ಇನ್ನೂ ಕೇಳಿಕೊಂಡು ಬಂದಿಲ್ಲ.
ನೋವು ಮಾತ್ರ ಅವನದೇ, ಬೆನ್ನಿನ ಅರ್ಧದಿಂದ ಮೇಲೆ.

"ಸೊನ್ನೆಯಿಂದ ಹತ್ತರೊಳಗೆ ಎಷ್ಟು?"
"ಹದಿನಾಲ್ಕು."
"ಹತ್ತರೊಳಗೆ, ಅಣ್ಣಾ."
"ನನ್ನ ಮರಕ್ಕೆ ಇಪ್ಪತ್ತೆರಡು ಮೆಟ್ಟಿಲು."

ನಾನು ಪೆನ್ನು ಹಿಡಿದು ಸುಮ್ಮನಾದೆ. ಅವನೇ
ದಿಂಬಿನಡಿಯ ಪುಸ್ತಕ ಎಳೆದು ಕೊನೆಯ ಪುಟ ತೋರಿಸಿದ:
ಪೆನ್ಸಿಲಿನಲ್ಲಿ ಸಿಸ್ಟರ್ ಗೀಚಿದ ಮರ, ಕಾಯಿ ಸಮೇತ.
ಒಂದು ಬದಿಗೆ ಇಪ್ಪತ್ತೆರಡು, ಇನ್ನೊಂದು ಬದಿಗೆ ಹತ್ತು.
ಹದಿನಾಲ್ಕೆಂದರೆ ಆರು, ಚಿಲ್ಲರೆ.
ಮಾತ್ರೆ ಬದಲಿಸಿದ ವಾರ ಒಂಬತ್ತಕ್ಕೆ ಇಳಿದಿದ್ದನಂತೆ.
ಒಂಬತ್ತರಿಂದ ಅವನಿಗೆ ಅಂಗಳದ ಕೋಳಿಗಳು
ಒಂದೊಂದಾಗಿ ಕಾಣುತ್ತವೆ.

ಗಾಯದ ಅಳತೆ?
ಕಾಗದದ ಸ್ಕೇಲು ಮುಗಿದು ಎರಡು ತಿಂಗಳು.
ಜಲಜಾಕ್ಷಿ ಎದ್ದು, ಬೀಡಿಯ ಎಲೆ ಕತ್ತರಿಸುವ ತಗಡು ತಂದಳು;
ಕುದಿನೀರಲ್ಲಿ ತೊಳೆದು ಬೇರೆಯೇ ಇಟ್ಟದ್ದು.
ಗಾಯಕ್ಕೆ ತಾಗಿಸುವುದಿಲ್ಲ. ನೂಲೆಳೆಯಷ್ಟು ಮೇಲೆ ಹಿಡಿದು
ಒಂದು ಕಣ್ಣು ಮುಚ್ಚಿ ನೋಡುತ್ತಾಳೆ.
ಆಟಿಯಲ್ಲಿ ಒಂದಿಡೀ ಎಲೆ.
ಜೀಪು ಬಾರದ ಎರಡು ವಾರ, ಎಲೆ ದಾಟಿ ಬೆರಳಗಲ.
ಈಗ ಅರ್ಧ ಎಲೆಗೂ ಕಡಿಮೆ, ತುದಿ ಮುರುಟಿದ ಎಲೆ.
"ಡಿಪೋದಲ್ಲಾದರೆ ತೆಗೆದು ಬಿಸಾಡುತ್ತಾರೆ," ಎಂದು
ನಕ್ಕಳು, ಮೊದಲ ಬಾರಿ.

ಸಿಸ್ಟರ್ ಸಾಕಷ್ಟು ಸಮಯ ಕೊಡುತ್ತಾರೆಯೇ?
"ಎಂಬತ್ತು ಬೀಡಿಯಷ್ಟು," ಎಂದಳು.
ಅವಳು ಬಂದರೆ ಕತ್ತರಿ ಕೆಳಗಿಡಬೇಕು,
ಇವರನ್ನು ಮಗ್ಗುಲು ಮಾಡಿ ಹಿಡಿದುಕೊಳ್ಳಬೇಕು.
ಆ ಎಂಬತ್ತನ್ನು ರಾತ್ರಿ ಕಟ್ಟುತ್ತಾಳೆ.
ನಷ್ಟವೆಂದು ಬರೆಯಬೇಡ, ಎಂದಳು.
ಬರೆಯಲು ಜಾಗವೂ ಇರಲಿಲ್ಲ.

ಕೊನೆಗೆ ತೃಪ್ತಿ. ಒಂದರಿಂದ ಐದು.
ನೂಲು ಸುತ್ತುವ ಬೆರಳು ನಿಂತಿತು.
"ಐದು ಹಾಕಿದರೆ, ಇಲ್ಲಿ ಎಲ್ಲ ಸರಿಯಿದೆಯೆಂದು
ತಿಂಗಳಿಗೊಮ್ಮೆ ಮಾಡುತ್ತಾರೆ.
ಮೂರು ಹಾಕಿದರೆ ಅವಳಿಗೆ ಬೈಗಳು,
ಬೇರೆ ಪಂಚಾಯತಿಗೆ ವರ್ಗ.
ಕಲಿತವಳು, ನೀನೇ ಹೇಳು.
ಎಷ್ಟು ಹಾಕಿದರೆ ಮಂಗಳವಾರದ ಜೀಪು
ಮಂಗಳವಾರ ಬರುತ್ತದೆ?"

ನನಗೆ ಸಿಕ್ಕಿದ್ದು ಒಂದೂವರೆ ದಿನದ ತರಬೇತಿ.
ಮಧ್ಯಾಹ್ನದ ಊಟ ಚೆನ್ನಾಗಿತ್ತು.
ನಾಲ್ಕರ ಮೇಲೆ ಪೆನ್ನಿಟ್ಟೆ, ತೆಗೆದೆ.
ಚುಕ್ಕಿ ಉಳಿಯಿತು; ಕಂಪ್ಯೂಟರು ಅದನ್ನು ಏನೆಂದು ಓದುತ್ತದೋ.

ಅಂಗಳ ಇಳಿದು ಬಂದಾಗ ಸಿಸ್ಟರ್ ಪೆಟ್ಟಿಗೆ ಹಿಡಿದು ನಿಂತಿದ್ದಳು.
ಎಷ್ಟು ಕೊಟ್ಟಳು ಎಂದು ಕೇಳುತ್ತಾಳೆ ಅಂದುಕೊಂಡೆ,
ಸುಳ್ಳೊಂದನ್ನು ನಾಲಿಗೆಯ ಮೇಲೆ ಸಿದ್ಧ ಮಾಡಿಕೊಂಡೆ.
"ಇವತ್ತು ಎಷ್ಟನೇ ಮೆಟ್ಟಿಲು?"
"ಹದಿನಾಲ್ಕು."
ಅಯ್ಯೋ ಎಂದಳೋ, ಉಸಿರೋ, ತಿಳಿಯಲಿಲ್ಲ.
ಚಪ್ಪಲಿ ಬಿಟ್ಟು, ಕೊಡದ ನೀರಲ್ಲಿ ಮೊಣಕೈವರೆಗೆ ತೊಳೆದು
ಬಾಗಿ ಒಳಗೆ ಹೋದಳು.

ಒಳಗೆ ಕತ್ತರಿಯ ಸದ್ದು ನಿಂತಿತು.