ಟ್ಯೂಬಿನೊಳಗಿನ ಅಂಬಲಿ

ಹಟ್ಟಿಯ ಬಸ್ ಸ್ಟ್ಯಾಂಡ್ ಹಿಂದೆ ಚಾಂದ್‌ಪಾಷಾನ ಪಂಚರ್ ಅಂಗಡಿ.
ಟ್ರ್ಯಾಕ್ಟರ್ ಟ್ಯೂಬೊಂದನ್ನು ಕೇಳಿದೆ, ಹಳೆಯದಾದರೂ ಸರಿ,
ಒಂದು ತೂತು ಮಾಡಿ ಸಲೈನ್ ನಳಿಕೆ ಅಂಟಿಸಿಕೊಡು ಎಂದೆ.
'ಮಂದಿ ತೂತು ಮುಚ್ಚಿಸಾಕ ಬರತಾರ ಮೇಡಂ,' ಅಂದ,
ಆದರೂ ಸಲೂಶನ್ ಹಚ್ಚಿ, ಊದಿ ಊದಿ ಒಣಗಿಸಿದ.

ಒಳಗೆ ತುಂಬಿದ್ದು ಜೋಳದ ಅಂಬಲಿ, ಗಟ್ಟಿ,
ರಾತ್ರಿಯಿಡೀ ಹುಳಿ ಬಂದದ್ದು, ಗುಳ್ಳೆ ಗುಳ್ಳೆ.
ಅದರ ಮೇಲಿಷ್ಟು ಗಾಳಿ.
ಇದು ಬೆಟ್ಟದಡಿ ಕಲ್ಲು ಕರಗಿ ಕೂತ ಕೋಣೆ;
ನಳಿಕೆ ಅದರ ಗಂಟಲು.
ಸಿಡಿಯುವುದಲ್ಲ ನನಗೆ ಬೇಕಾದದ್ದು. ಸಿಡಿದದ್ದನ್ನು ಎಲ್ಲರೂ ನೋಡುತ್ತಾರೆ.
ತಿಂಗಳುಗಟ್ಟಲೆ ಸುಮ್ಮನೆ ಸೋರುತ್ತದಲ್ಲ,
ಆಕಳು ನಡೆದಷ್ಟು ನಿಧಾನ, ಅಂಗಳ ದಾಟಿ, ಬೇಲಿ ದಾಟಿ,
ಅದರ ಲೆಕ್ಕ.

ಕ್ಲಿಪ್ ಬಿಟ್ಟೆ. ಕಿರಾಣಿ ತಕ್ಕಡಿಯ ಮೇಲೆ ಬೋಗುಣಿ.
ಮೊದಲ ನಿಮಿಷ ನೂರಾ ಹತ್ತು ಗ್ರಾಂ.
ಎರಡನೆಯದು ತೊಂಬತ್ತು. ಆಮೇಲೆ ಎಪ್ಪತ್ತನಾಲ್ಕು.
ಒತ್ತಡ ಇಳಿದಷ್ಟೂ ಹರಿವು ಇಳಿಯುತ್ತದೆ,
ಹರಿವು ಇಳಿದಷ್ಟೂ ಒತ್ತಡ ಇಳಿಯಲು ಹಿಂದೇಟು ಹಾಕುತ್ತದೆ,
ಉಳಿದದ್ದರಲ್ಲೊಂದು ಪಾಲು, ಮತ್ತೆ ಉಳಿದದ್ದರಲ್ಲೊಂದು ಪಾಲು,
ಮೆಸ್ಸಿನ ಬಸಲಿಂಗಮ್ಮ ತುಪ್ಪ ಬಡಿಸಿದ ಹಾಗೆ.

ಒಂಬತ್ತನೆಯ ನಿಮಿಷಕ್ಕೆ ಗೆರೆ ಕೆಟ್ಟಿತು.
ಇಪ್ಪತ್ತೆರಡು ಇರಬೇಕಾದಲ್ಲಿ ನಲವತ್ತು.
ಮತ್ತೆ ನಲವತ್ತು. ಮತ್ತೆ ನಲವತ್ತು.
ಅಂಬಲಿ ತೆಳುವಾಯಿತೇ? ರಬ್ಬರು ಸಡಿಲಾಯಿತೇ?
ನೋಟ್‌ಬುಕ್ಕಿನ ಅಂಚಿನಲ್ಲಿ ಕಾರಣ ಗೀಚುತ್ತ ಕೂತವಳು
ತಲೆ ಎತ್ತಿದರೆ, ಆ ಬದಿ
ಪಾಷಾನ ತಮ್ಮನ ಮಗ ಮೌಲಾ
ಕಾಲಿನ ಪಂಪನ್ನು ವಾಲ್ವಿಗೆ ಸಿಕ್ಕಿಸಿ
ಮೆಲ್ಲಗೆ, ಬಹಳ ಮೆಲ್ಲಗೆ ತುಳಿಯುತ್ತಿದ್ದ.
'ಪಾಪ, ನಿಂದ್ರಾಕತ್ತಿತ್ತು,' ಅಂದ.

ಬೈಯಲಿಲ್ಲ. ಪಂಪು ತೆಗೆಸಿದೆ,
ಹನ್ನೆರಡನೆಯ ನಿಮಿಷಕ್ಕೆ ಗೆರೆ ಮತ್ತೆ ಬಾಗಿತು.
ಅಂದಾಜಿಗೆ ಮೀರಿ ಹರಿಯುವ ಬೆಟ್ಟಗಳಿವೆ, ಯಾರಿಗೂ ಕಾಣದೆ
ಅಡಿಯಲ್ಲೊಂದು ಕಾಲು ತುಳಿಯುತ್ತಲೇ ಇರುತ್ತದೆ.
ಸೋರಿದ್ದನ್ನಷ್ಟೇ ಅಳೆದು
ತುಂಬುವವನ ಹುಡುಕಬೇಕು.

ಅಂಗಡಿಯ ಮುಂದೆ, ಗಾಲಿ ಜಾರದಂತೆ ಆನಿಸಿದ ಕಲ್ಲು:
ಹಸಿರುಗಪ್ಪು, ಉಬ್ಬಿದ ದಿಂಬು.
ಈ ಬಿಸಿಲೂರು ನೀರಿನಡಿ ಇದ್ದಾಗ
ತಣ್ಣನೆ ಕಡಲಿಗೆ ಒಸರಿ ಬಂದ ಲಾವಾ ಅದು,
ತೊಗಲು ಕಟ್ಟಿ, ತೊಗಲು ಬಿರಿದು, ಇನ್ನೊಂದು ದಿಂಬು,
ಅದರ ಮೇಲೆ ಇನ್ನೊಂದು.
ಹೇಳಿದ್ದು ಕೇಳಿ ಮೌಲಾ ಅದರ ಮೇಲೆ ಕೆನ್ನೆಯಿಟ್ಟ.
ಥಟ್ಟನೆ ಎದ್ದ.
'ಇನ್ನೂ ಸುಡತದ!'
ಏಪ್ರಿಲ್ ತಿಂಗಳು, ಹನ್ನೆರಡು ಗಂಟೆ.

ಕೊನೆಗೆ ಬರೀ ಹನಿ.
ಕೊನೆಯ ಹನಿ ಯಾವುದೆಂದು ಬರೆದುಕೊಳ್ಳಲಾಗಲಿಲ್ಲ,
ಬೋಗುಣಿಗೆ ಬಾಯಿ ಹಾಕಿತ್ತು ಬೀದಿ ನಾಯಿ.